ರಾಜ ಹೇಳಿದ್ದೊಂದು, ಅರ್ಚಕ ಸಾರಿದ್ದೊಂದು: ‘ಪಿರಮಿಡ್ಸ್’ ಕಾದಂಬರಿಯನ್ನು ಯುವಜನರು ಯಾಕೆ ಓದಬೇಕು?

‘ಹಳಬರು ಸಾಕು, ಹುಡುಗರು ಬರಲಿ.’ ಪ್ರತಿ ಚುನಾವಣೆಯ ಹೊತ್ತಿಗೂ ಕೇಳಿಬರುವ ಮಾತಿದು. ನಾನೂ ಹೇಳಿದ್ದೇನೆ, ನೀವೂ ಹೇಳಿರುತ್ತೀರಿ. ಈ ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಹುಡುಗ ಬಂದು ಕುರ್ಚಿಯಲ್ಲಿ ಕೂತ ಮರುದಿನ ಏನಾಗುತ್ತೆ? ಅವನು ಬಾಯಿ ತೆರೆದು ಹೇಳಿದ್ದು ಆದೇಶವಾಗಿ ಹೊರಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿರುತ್ತೆ? ಈ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳುವುದಿಲ್ಲ.

ಈ ಪ್ರಶ್ನೆಯನ್ನೇ ಇಟ್ಟುಕೊಂಡು ಮುನ್ನೂರು ಚಿಲ್ಲರೆ ಪುಟ ನಗಿಸುವ ಒಂದು ಇಂಗ್ಲಿಷ್ ಕಾದಂಬರಿ ಇದೆ. ಹೆಸರು ‘ಪಿರಮಿಡ್ಸ್’. ಅದರಲ್ಲಿ ಮಮ್ಮಿಗಳು ಎದ್ದು ಓಡಾಡುತ್ತವೆ, ಒಂಟೆಯೊಂದು ಮನಸ್ಸಿನಲ್ಲೇ ಗಣಿತ ಮಾಡುತ್ತದೆ, ದೇವರುಗಳು ಸೂರ್ಯನಿಗಾಗಿ ಕಿತ್ತಾಡುತ್ತಾರೆ. ಹಾಗಂತ ಇದನ್ನು ಮಕ್ಕಳ ಕಥೆ ಎಂದು ಪಕ್ಕಕ್ಕಿಡಬೇಡಿ. ಸಿದ್ಧತೆಯೇ ಇಲ್ಲದ ಒಬ್ಬ ಹುಡುಗ ರಾಜನಾದರೆ ಅಧಿಕಾರ ನಿಜಕ್ಕೂ ಯಾರ ಕೈಯಲ್ಲಿರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪುಸ್ತಕಗಳು ಕಡಿಮೆ. ಅದನ್ನು ಕೈಗೆತ್ತಿಕೊಳ್ಳುವವರಿಗೆ ಬೇಕಾದ ಹಿನ್ನೆಲೆ, ಕಥೆ, ಪಾತ್ರಗಳು, ಒಳಗಿರುವ ರಾಜಕೀಯ ಮತ್ತು ಅದರ ಕೊರತೆಗಳನ್ನು ಒಂದೇ ಕಡೆ ಇಡುವುದು ಈ ಲೇಖನದ ಉದ್ದೇಶ.

ಒಂದು ಎಚ್ಚರಿಕೆ: ಮುಂದೆ ಕಥೆಯ ಕೊನೆಯೂ ಬರುತ್ತದೆ. ಕೊನೆಯನ್ನು ಬಿಟ್ಟು ಈ ಪುಸ್ತಕದ ರಾಜಕೀಯ ಮಾತಾಡೋದು ಸಾಧ್ಯವಿಲ್ಲ.

ಪುಸ್ತಕ ಯಾವುದು, ಬರೆದವರು ಯಾರು?

ಟೆರ್ರಿ ಪ್ರಾಚೆಟ್ ಇಂಗ್ಲೆಂಡಿನ ಲೇಖಕರು. ಹುಟ್ಟಿದ್ದು 1948ರಲ್ಲಿ, ತೀರಿಕೊಂಡದ್ದು 2015ರಲ್ಲಿ. ಅವರ ಹೆಸರು ನಿಂತಿರುವುದು ‘ಡಿಸ್ಕ್‌ವರ್ಲ್ಡ್’ ಎಂಬ ಸರಣಿಯ ಮೇಲೆ. 1983ರಲ್ಲಿ ಶುರುವಾಗಿ ಒಟ್ಟು 41 ಕಾದಂಬರಿಗಳಾದವು. ತಟ್ಟೆಯಂಥ ಒಂದು ಲೋಕ, ಅದನ್ನು ಹೊತ್ತ ನಾಲ್ಕು ಆನೆಗಳು, ಆನೆಗಳನ್ನು ಹೊತ್ತು ಆಕಾಶದಲ್ಲಿ ಈಜುವ ಒಂದು ಆಮೆ. ಕೂರ್ಮಾವತಾರದ ಕಥೆ, ಅಷ್ಟದಿಗ್ಗಜಗಳ ಕಥೆ ಕೇಳಿ ಬೆಳೆದ ನಮಗೆ ಇದು ತೀರಾ ಹೊಸದೇನೂ ಅನ್ನಿಸಲ್ಲ.

‘ಪಿರಮಿಡ್ಸ್’ ಈ ಸರಣಿಯ ಏಳನೆಯದು. 1989ರಲ್ಲಿ ಬಂತು. ಆ ವರ್ಷದ ಅತ್ಯುತ್ತಮ ಕಾದಂಬರಿಗೆ ಬ್ರಿಟಿಷ್ ಸೈನ್ಸ್ ಫಿಕ್ಷನ್ ಅಸೋಸಿಯೇಷನ್ ಕೊಡುವ ಪ್ರಶಸ್ತಿ ಇದಕ್ಕೆ ಸಿಕ್ಕಿತು. ಹಿಂದಿನ ಆರನ್ನು ಓದದೆಯೂ ಇದನ್ನು ನೇರವಾಗಿ ಓದಬಹುದು. ಇದರ ಮುಖ್ಯ ಪಾತ್ರಗಳೂ ದೇಶವೂ ಇದೇ ಪುಸ್ತಕದಲ್ಲಿ ಶುರುವಾಗಿ ಬಹುಮಟ್ಟಿಗೆ ಇಲ್ಲೇ ಮುಗಿಯುತ್ತವೆ.

ಪ್ರಾಚೆಟ್ ಬಗ್ಗೆ ಇನ್ನೊಂದು ವಿಷಯ ಗೊತ್ತಿದ್ದರೆ ಓದಿಗೆ ಉಪಯೋಗ. ಅವರು ಮೊದಲು ಪತ್ರಕರ್ತರಾಗಿದ್ದರು. ಆಮೇಲೆ 1987ರವರೆಗೆ ಇಂಗ್ಲೆಂಡಿನ ಸರ್ಕಾರಿ ವಿದ್ಯುತ್ ಉತ್ಪಾದನಾ ಮಂಡಳಿಯಲ್ಲಿ ಪತ್ರಿಕಾ ಅಧಿಕಾರಿಯಾಗಿದ್ದರು. ಅಣು ವಿದ್ಯುತ್ ಸ್ಥಾವರಗಳ ಬಗ್ಗೆ ಪತ್ರಕರ್ತರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸ. ಅಂದ್ರೆ, ಒಂದು ದೊಡ್ಡ ಸಂಸ್ಥೆಯ ಒಳಗೆ ಆಡಿದ ಮಾತು ಹೊರಗೆ ಹೋಗುವಾಗ ಹೇಗೆ ರೂಪ ಬದಲಿಸುತ್ತದೆ ಎಂಬುದನ್ನು ಅವರು ಸಂಬಳ ತಗೊಂಡು ನೋಡಿದವರು. ಆ ಅನುಭವ ಈ ಕಾದಂಬರಿಯ ಅರ್ಚಕನ ಪಾತ್ರದಲ್ಲಿ ಎದ್ದು ಕಾಣುತ್ತದೆ ಅಂತ ನನಗೆ ಅನ್ನಿಸುತ್ತದೆ.

ಕಥೆ ಏನು?

ದೇಶದ ಹೆಸರು ಜೆಲಿಬೇಬಿ. ಜೆಲ್ ನದಿಯ ಮಗು ಎಂದು ಅರ್ಥ. ಕಿವಿಯಲ್ಲಿ ಕೇಳಿದರೆ ಬ್ರಿಟನ್ನಿನ ಮಕ್ಕಳು ತಿನ್ನುವ ಒಂದು ಮಿಠಾಯಿಯ ಹೆಸರು. ನದಿಯ ಉದ್ದಕ್ಕೂ 150 ಮೈಲಿ, ಅಗಲ ಮಾತ್ರ ಎರಡೇ ಮೈಲಿ. 7000 ವರ್ಷದ ಇತಿಹಾಸ. ಅಷ್ಟೂ ವರ್ಷ ಸತ್ತ ರಾಜರಿಗೆ ಪಿರಮಿಡ್ ಕಟ್ಟಿ ಕಟ್ಟಿ ಖಜಾನೆ ಖಾಲಿ.

ಈ ದೇಶದ ಯುವರಾಜ ಟೆಪಿಕ್. ಅವನನ್ನು ದೂರದ ಆಂಕ್-ಮೊರ್‌ಪೋರ್ಕ್ ಎಂಬ ಮಹಾನಗರಕ್ಕೆ ಓದಲು ಕಳಿಸಿರುತ್ತಾರೆ. ಓದುವುದು ಏನನ್ನು? ಸುಪಾರಿ ಹತ್ಯೆಯನ್ನು. ಅಲ್ಲಿನ ಹಂತಕರ ಸಂಘ ನಡೆಸುವ ಶಾಲೆಗೆ ಲೋಕದಲ್ಲೇ ಒಳ್ಳೆಯ ಶಿಕ್ಷಣ ಕೊಡುವ ಶಾಲೆ ಎಂಬ ಹೆಸರು, ದೊಡ್ಡ ಮನೆತನದವರೆಲ್ಲ ಮಕ್ಕಳನ್ನು ಸೇರಿಸುವುದು ಅಲ್ಲಿಗೇ. ಕಾದಂಬರಿ ತೆರೆದುಕೊಳ್ಳುವುದು ಟೆಪಿಕ್‌ನ ಕೊನೆಯ ಪರೀಕ್ಷೆಯ ರಾತ್ರಿ. ಚಾವಣಿಗಳ ಮೇಲೆ ಹತ್ತಿ ಇಳಿದು ಎಲ್ಲ ಗಂಡಾಂತರ ದಾಟಿದ ಹುಡುಗನಿಗೆ ಕೊನೆಯಲ್ಲಿ ಹಾಸಿಗೆಯಲ್ಲಿ ಮಲಗಿದವನ ಮೇಲೆ ಬಾಣ ಬಿಡಲು ಮನಸ್ಸು ಬರುವುದಿಲ್ಲ. ಬೇಕೆಂದೇ ಗುರಿ ತಪ್ಪಿಸುತ್ತಾನೆ. ಬಾಣ ಎಲ್ಲೆಲ್ಲೋ ಬಡಿದು ಹಿಂತಿರುಗಿ ಬಂದು ಹಾಸಿಗೆಗೇ ನಾಟುತ್ತದೆ. ಮಲಗಿದ್ದದ್ದು ಬರೀ ಗೊಂಬೆ. ಹುಡುಗ ಪಾಸು!

ಇತ್ತ ಊರಲ್ಲಿ ಅವನ ಅಪ್ಪ ತಾನೊಂದು ಕಡಲಹಕ್ಕಿ ಎಂದು ನಂಬಿ ಹಾರಲು ಹೋಗಿ ಬಿದ್ದು ಸಾಯುತ್ತಾನೆ. ರಾಜತ್ವ ಮಗನ ಮೈಮೇಲೆ ಬರುತ್ತದೆ. ಅವನು ಕಾಲಿಟ್ಟ ಕಡೆ ಹುಲ್ಲು ಚಿಗುರಲು ಶುರುವಾಗುತ್ತದೆ. ರಾಜ ಅಲ್ಲಿ ಬರೀ ರಾಜನಲ್ಲ, ದೇವರು. ಸೂರ್ಯ ಹುಟ್ಟುವುದು ಅವನಿಂದ, ನದಿ ಉಕ್ಕುವುದು ಅವನಿಂದ ಎಂದು ಜನರ ನಂಬಿಕೆ.

ಊರಿಗೆ ಬಂದ ಟೆಪಿಕ್‌ಗೆ ತಲೆ ತುಂಬ ಯೋಜನೆ. ನಲ್ಲಿ ನೀರು, ಒಳ್ಳೆಯ ಚರಂಡಿ, ಮೆತ್ತನೆಯ ಹಾಸಿಗೆ. ಆದರೆ ಅರಮನೆಯಲ್ಲಿ ಮುಖ್ಯ ಅರ್ಚಕ ಡಿಯೋಸ್ ಇದ್ದಾನೆ. ಹೆಸರನ್ನು ಗಮನಿಸಿ, ಸ್ಪ್ಯಾನಿಷ್ ಭಾಷೆಯಲ್ಲಿ ‘ಡಿಯೋಸ್’ ಎಂದರೆ ದೇವರು. ರಾಜ ಎದ್ದ ಹೊತ್ತಿನಿಂದ ಮಲಗುವ ಹೊತ್ತಿನವರೆಗೆ ಏನು ಮಾಡಬೇಕು, ಏನು ಉಡಬೇಕು, ಯಾರನ್ನು ನೋಡಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ರಾಜನ ಮುಖಕ್ಕೆ ಚಿನ್ನದ ಮುಖವಾಡ. ಅವನ ಬಾಯಿಗೆ ಡಿಯೋಸ್.

ಮುಂದೆ ಸತ್ತ ಅಪ್ಪನಿಗಾಗಿ ಹಿಂದೆಂದೂ ಇಲ್ಲದಷ್ಟು ದೊಡ್ಡ ಪಿರಮಿಡ್ ಏಳುತ್ತದೆ. ಅದರ ಭಾರಕ್ಕೆ ದೇಶಕಾಲಗಳೇ ತಿರುಚಿಕೊಂಡು ಇಡೀ ಜೆಲಿಬೇಬಿ ಭೂಪಟದಿಂದ ಮಾಯವಾಗುತ್ತದೆ. ಟೆಪಿಕ್ ಮತ್ತು ಅರಮನೆಯ ದಾಸಿ ಟ್ರೇಸಿ ಒಂಟೆಯೇರಿ ಹೊರಗೆ ಸಿಕ್ಕಿಕೊಳ್ಳುತ್ತಾರೆ. ನಡುವೆ ಇದ್ದ ದೇಶ ಇಲ್ಲವಾದ್ದರಿಂದ ಅಕ್ಕಪಕ್ಕದ ಎರಡು ರಾಜ್ಯಗಳಿಗೆ ಒಂದೇ ಗಡಿ, ಸರಿ, ಯುದ್ಧದ ತಯಾರಿ. ಎರಡೂ ಕಡೆಯವರು ಮರದ ಕುದುರೆ ಕಟ್ಟಿ ಅದರೊಳಗೆ ಕೂತು ಎದುರಾಳಿ ಎಳೆದುಕೊಂಡು ಹೋಗಲಿ ಎಂದು ಕಾಯುವ ಪ್ರಸಂಗ ಓದುವಾಗ ನಾನು ಬಸ್ಸಿನಲ್ಲಿ ಒಬ್ಬನೇ ನಕ್ಕು ಪಕ್ಕದವರಿಂದ ನೋಟ ತಿಂದಿದ್ದೇನೆ.

ತೀರ್ಪಿನ ದೃಶ್ಯ: ಇಡೀ ಕಾದಂಬರಿಯ ಕೀಲಿ

ಇಡೀ ಪುಸ್ತಕ ಓದಲು ಸಮಯವಿಲ್ಲದಿದ್ದರೆ ಈ ಒಂದು ಭಾಗವನ್ನಾದರೂ ಓದಿ. ಹೊಸ ರಾಜ ನ್ಯಾಯಪೀಠದಲ್ಲಿ ಕೂತಿದ್ದಾನೆ. ಜನ ತಮ್ಮ ತಗಾದೆ ತರುತ್ತಾರೆ. ಟೆಪಿಕ್ ಗಮನವಿಟ್ಟು ಕೇಳಿ ತನಗೆ ನ್ಯಾಯ ಕಂಡದ್ದನ್ನು ಹೇಳುತ್ತಾನೆ. ಡಿಯೋಸ್ ಅದನ್ನು ಸಭೆಗೆ ‘ತಿಳಿಸುತ್ತಾನೆ’. ತಿಳಿಸುವಾಗ ತೀರ್ಪು ಬೇರೆಯೇ ಆಗಿರುತ್ತದೆ. ಎಲ್ಲರೆದುರೇ, ಗಟ್ಟಿ ದನಿಯಲ್ಲಿ, ರಾಜನ ಹೆಸರಿನಲ್ಲೇ. ಯಾರೂ ಹುಬ್ಬೇರಿಸುವುದಿಲ್ಲ.

ಆಮೇಲೆ ಬರುತ್ತಾಳೆ ಟ್ರೇಸಿ. ಸತ್ತ ರಾಜನ ಜೊತೆ ಹೋಗಲು ದಾಸಿಯರು ವಿಷ ಕುಡಿಯುವುದು ಅಲ್ಲಿನ ಪದ್ಧತಿ. ಬಲವಂತ ಏನಿಲ್ಲ, ಎಲ್ಲವೂ ‘ಸ್ವಇಚ್ಛೆ’ಯಿಂದ. ಟ್ರೇಸಿ ನನಗೆ ಇಷ್ಟವಿಲ್ಲ ಅಂದಿದ್ದಾಳೆ, ಅದೇ ಅವಳ ಅಪರಾಧ. ಸ್ವಇಚ್ಛೆಯನ್ನು ನಿಜವಾಗಿ ಬಳಸಿದವಳಿಗೆ ಶಿಕ್ಷೆ! ಟೆಪಿಕ್ ಅವಳನ್ನು ಬಿಟ್ಟುಬಿಡಿ ಅನ್ನುತ್ತಾನೆ. ಡಿಯೋಸ್ ಮೊಸಳೆಗಳಿಗೆ ಎಸೆಯಬೇಕೆಂದು ರಾಜಾಜ್ಞೆ ಸಾರುತ್ತಾನೆ.

ಆ ರಾತ್ರಿ ರಾಜ ಏನು ಮಾಡುತ್ತಾನೆ? ಕಪ್ಪು ಬಟ್ಟೆ ತೊಟ್ಟು, ಶಾಲೆಯಲ್ಲಿ ಕಲಿತದ್ದನ್ನೆಲ್ಲ ನೆನಪಿಸಿಕೊಂಡು, ತನ್ನದೇ ಅರಮನೆಯ ಗೋಡೆ ಏರಿ, ತನ್ನದೇ ಸೆರೆಮನೆಯಿಂದ ಅವಳನ್ನು ಬಿಡಿಸುತ್ತಾನೆ. ಸಿಂಹಾಸನದ ಮೇಲೆ ಕೂತು ಮಾಡಲಾಗದ ಕೆಲಸವನ್ನು ಕಳ್ಳನಂತೆ ನುಗ್ಗಿ ಮಾಡಬೇಕಾಗುತ್ತದೆ.

ಡಿಯೋಸ್ ಕೈಗೆ ಸಿಕ್ಕಿಬಿದ್ದಾಗ ಆಗುವುದೇ ನಿಜವಾದ ತಮಾಷೆ, ನಿಜವಾದ ಭಯಾನಕ ಕೂಡ. ಎದುರು ನಿಂತವನು ರಾಜನೆಂದು ಅರ್ಚಕ ಒಪ್ಪುವುದಿಲ್ಲ. ರಾಜ ಎಂದೂ ಹೀಗೆ ಮಾಡುವವನಲ್ಲ. ಹಾಗಾಗಿ ಇವನು ರಾಜನನ್ನು ಕೊಂದು ಬಂದ ಹಂತಕನೇ ಇರಬೇಕು! ಅವನ ಪ್ರಕಾರ ‘ರಾಜ’ ಎನ್ನುವುದು ಒಂದು ನಡವಳಿಕೆ. ಅದನ್ನು ಮೀರಿದ ಕ್ಷಣ ಒಳಗಿದ್ದ ಮನುಷ್ಯ ದ್ರೋಹಿ.

ಇದನ್ನೊಮ್ಮೆ ನಿಧಾನಕ್ಕೆ ಯೋಚಿಸಿ. ವ್ಯವಸ್ಥೆಗೆ ಸಿದ್ಧತೆಯಿಲ್ಲದ ರಾಜನಿಂದ ಯಾವ ತೊಂದರೆಯೂ ಇಲ್ಲ. ಅವನಿಗೆ ಏನೂ ಗೊತ್ತಿಲ್ಲದಿರುವುದೇ ಅದಕ್ಕೆ ಅನುಕೂಲ. ಏನು ಮಾಡಬೇಕೆಂದು ಅವನು ಪ್ರತಿ ಹೆಜ್ಜೆಗೂ ಪಕ್ಕದವರನ್ನು ಕೇಳಬೇಕು, ಪಕ್ಕದವರು ಹೇಳುತ್ತಿರಬೇಕು. ತೊಂದರೆ ಶುರುವಾಗುವುದು ಅವನು ಕೇಳುವುದನ್ನು ಬಿಟ್ಟು ಮಾಡಲು ಹೊರಟಾಗ.

ಡಿಯೋಸ್ ಖಳನಾಯಕನೇ?

ನನಗೆ ಈ ಕಾದಂಬರಿ ಮುಖ್ಯ ಅನ್ನಿಸುವುದು ಈ ಪಾತ್ರದಿಂದ. ಡಿಯೋಸ್ ದುಡ್ಡು ಹೊಡೆಯುವವನಲ್ಲ. ಅವನಿಗೆ ಸಿಂಹಾಸನದ ಆಸೆಯೂ ಇಲ್ಲ, ಐಷಾರಾಮದ ಚಪಲವೂ ಇಲ್ಲ. ಪ್ರಾಮಾಣಿಕ, ಶ್ರಮಜೀವಿ, ಶಿಸ್ತಿನವನು. ದೇಶದ ಒಳಿತಿಗಾಗಿಯೇ ಎಲ್ಲವನ್ನೂ ಮಾಡುತ್ತಿದ್ದೇನೆ ಎಂದು ಮನಸಾರೆ ನಂಬಿದವನು. ನಿನ್ನೆ ನಡೆದಂತೆ ಇಂದೂ ನಡೆಯಬೇಕು, ಅಷ್ಟೇ ಅವನ ಧರ್ಮ.

ಪುಸ್ತಕ ಮುಂದುವರಿದಂತೆ ಗುಟ್ಟು ಬಯಲಾಗುತ್ತದೆ. ದೇಶಕ್ಕೆಷ್ಟು ವಯಸ್ಸೋ ಡಿಯೋಸ್‌ಗೂ ಅಷ್ಟೇ ವಯಸ್ಸು. ಪಿರಮಿಡ್‌ನೊಳಗೆ ಮಲಗಿ ಎದ್ದು, ಕಾಲವನ್ನು ಹಿಂದಕ್ಕೆ ತಿರುಗಿಸಿಕೊಂಡು, 7000 ವರ್ಷ ಅದೇ ಹುದ್ದೆಯಲ್ಲಿ ಉಳಿದಿದ್ದಾನೆ. ರಾಜರು ಬಂದರು, ಹೋದರು. ಅರ್ಚಕ ಮಾತ್ರ ಒಬ್ಬನೇ. ಇಷ್ಟು ವರ್ಷದಲ್ಲಿ ಅವನಿಗೆ ಯಾಕೆ ಎಂಬುದು ಮರೆತುಹೋಗಿದೆ, ಹೇಗೆ ಎಂಬುದು ಮಾತ್ರ ನೆನಪಿದೆ.

ಭ್ರಷ್ಟನನ್ನು ಗುರುತಿಸೋದು ನಮಗೆ ಸುಲಭ. ಬೈಯಬಹುದು, ಸುದ್ದಿ ಮಾಡಬಹುದು, ಕೇಸು ಹಾಕಬಹುದು. ಪ್ರಾಮಾಣಿಕನಾದ, ಕೆಲಸ ಬಲ್ಲ, ಆದರೆ ಒಂದು ಕಡ್ಡಿಯೂ ಅಲುಗಾಡಬಾರದು ಎನ್ನುವ ಮನುಷ್ಯನನ್ನು ಎದುರಿಸೋದು ಹೇಗೆ? ಟೆಪಿಕ್ ಸೋಲುವುದು ಇಲ್ಲಿಯೇ. ಅವನಿಗೆ ಡಿಯೋಸ್ ಮೇಲೆ ಸಿಟ್ಟು ಬರುತ್ತದೆ, ಜೊತೆಗೆ ಗೌರವವೂ ಇರುತ್ತದೆ, ಅವನಿಲ್ಲದೆ ಬೆಳಗಿನ ಪೂಜೆ ಯಾವ ಕಡೆಯಿಂದ ಶುರುಮಾಡಬೇಕೆಂಬುದೂ ಗೊತ್ತಿರುವುದಿಲ್ಲ.

ಪಿರಮಿಡ್ ಎಂದರೇನು? ಸಾಲವೂ ಹೌದು, ಹಳಸಿದ ಕಾಲವೂ ಹೌದು

ಪ್ರಾಚೆಟ್ ಕಟ್ಟಿದ ಕಲ್ಪನೆ ಹೀಗಿದೆ: ಪಿರಮಿಡ್‌ಗಳು ಹರಿಯುವ ಕಾಲಕ್ಕೆ ಅಣೆಕಟ್ಟು ಇದ್ದಂತೆ. ಹಗಲೆಲ್ಲ ಕಾಲವನ್ನು ತಡೆದು ಹಿಡಿದು, ರಾತ್ರಿ ತುದಿಯಿಂದ ಬೆಳಕಿನ ಜ್ವಾಲೆಯಾಗಿ ಹೊರಗೆ ಬಿಡುತ್ತವೆ. ಹಾಗಾಗಿ ಜೆಲಿಬೇಬಿಯಲ್ಲಿ ಹೊಸ ಕಾಲ ಬರುವುದೇ ಇಲ್ಲ. ಬಳಸಿದ ಕಾಲವನ್ನೇ ಮತ್ತೆ ಮತ್ತೆ ಬಳಸುತ್ತಾರೆ. ಅಕ್ಕಪಕ್ಕದ ದೇಶಗಳು ಮುಂದೆ ಹೋಗುತ್ತವೆ, ಇಲ್ಲಿ ಮಾತ್ರ ಅದೇ ನಿನ್ನೆ. ಸಂಪ್ರದಾಯದ ಹೆಸರಿನಲ್ಲಿ ನಿಂತ ನೀರಾಗುವುದಕ್ಕೆ ಇದಕ್ಕಿಂತ ಚೆಂದದ ಚಿತ್ರ ನಾನು ಓದಿಲ್ಲ.

ಇದರ ಇನ್ನೊಂದು ಮುಖ ಲೆಕ್ಕಪತ್ರದ್ದು. ಪಿರಮಿಡ್ ಕಟ್ಟುವ ಗುತ್ತಿಗೆದಾರ ಟಾಕ್ಲಸ್ಪ್ ಮತ್ತು ಅವನ ಇಬ್ಬರು ಮಕ್ಕಳ ಪ್ರಸಂಗಗಳು ಪುಸ್ತಕದ ಅತ್ಯಂತ ಲವಲವಿಕೆಯ ಭಾಗ. ಒಬ್ಬ ಮಗ ಲೆಕ್ಕದವನು, ಇನ್ನೊಬ್ಬ ಎಂಜಿನಿಯರು. ಬಿಲ್ಲು ಪಾವತಿಯಾಗುತ್ತದೋ ಇಲ್ಲವೋ ಎಂಬ ಚಿಂತೆ ಅಪ್ಪನಿಗೆ. ಕಾಮಗಾರಿ ಬಿಟ್ಟರೆ ಹೆಸರು ಹೋಗುತ್ತೆ, ಹಿಡಿದರೆ ಮನೆ ಮುಳುಗುತ್ತೆ. ಅರ್ಧ ಎದ್ದ ಪಿರಮಿಡ್‌ನ ಸುತ್ತ ಕಾಲ ಸುರುಳಿ ಸುತ್ತಿಕೊಳ್ಳುವುದರಿಂದ ಒಬ್ಬನೇ ಕೆಲಸಗಾರನನ್ನು ಒಂದೇ ಹೊತ್ತಿಗೆ ಹಲವು ಕಡೆ ದುಡಿಸಬಹುದು ಎಂಬ ಉಪಾಯವೂ ಅವರಿಗೆ ಹೊಳೆಯುತ್ತದೆ. ಟೆಂಡರು, ಅಂದಾಜುಪಟ್ಟಿ, ಬಾಕಿ ಬಿಲ್ಲುಗಳ ಸುದ್ದಿ ಓದುವವರಿಗೆ ಇಲ್ಲಿ ಅಪರಿಚಿತವಾದದ್ದು ಏನೂ ಇಲ್ಲ.

ಎಲ್ಲಕ್ಕಿಂತ ವ್ಯಂಗ್ಯವೆಂದರೆ ಈ ಪಿರಮಿಡ್ ಯಾರಿಗೂ ಬೇಕಿಲ್ಲ. ಸತ್ತ ರಾಜ ದೆವ್ವವಾಗಿ ಅಲ್ಲೇ ನಿಂತು, ನನಗೆ ಕಲ್ಲಿನ ಗುಡ್ಡೆ ಬೇಡವೋ ಎಂದು ಗೋಗರೆಯುತ್ತಾನೆ. ಕೇಳಿಸಿಕೊಳ್ಳುವವರಿಲ್ಲ. ಕೊನೆಗೆ ಮಮ್ಮಿಗಳೆಲ್ಲ ಎದ್ದು ಹೊರಗೆ ಬಂದಾಗ ಗೊತ್ತಾಗುತ್ತದೆ, ಹಳೆಯ ರಾಜರೂ ಅದರೊಳಗೆ ಬೇಸತ್ತು ಬಿದ್ದಿದ್ದರು. ಪೂರ್ವಿಕರ ಹೆಸರಿನಲ್ಲಿ ನಡೆದದ್ದಕ್ಕೆ ಪೂರ್ವಿಕರ ಒಪ್ಪಿಗೆಯೇ ಇರಲಿಲ್ಲ.

ದೇವರುಗಳು ನಿಜವಾಗಿ ಬಂದಾಗ

ದೇಶ ಲೋಕದಿಂದ ಕಳಚಿಕೊಂಡ ಮೇಲೆ ಜನ ನಂಬಿದ್ದೆಲ್ಲ ನಿಜವಾಗುತ್ತದೆ. ಪ್ರಾಣಿಯ ತಲೆಯ ದೇವತೆಗಳು ಬೀದಿಗಿಳಿಯುತ್ತವೆ. ಸೂರ್ಯ ಯಾರ ಪಾಲು ಎಂದು ದೇವರುಗಳ ನಡುವೆ ಆಕಾಶದಲ್ಲೇ ಗುದ್ದಾಟ. ಕೆಳಗೆ ಅರ್ಚಕರು ಪಂದ್ಯದ ವೀಕ್ಷಕ ವಿವರಣೆ ಕೊಡುತ್ತಾರೆ.

ಅರ್ಚಕರಿಗೆ ಇದು ಖುಷಿಯ ದಿನ ಆಗಬೇಕಿತ್ತಲ್ವಾ? ಆಗುವುದಿಲ್ಲ. ದೇವರ ಮಾತನ್ನು ಜನರಿಗೆ ತಲುಪಿಸುವವನಿಗೆ ದೇವರು ಮೌನವಾಗಿದ್ದರೇ ಕ್ಷೇಮ. ರಾಜನ ವಿಷಯದಲ್ಲಿ ಡಿಯೋಸ್ ಮಾಡಿದ್ದೂ ಇದನ್ನೇ. ಪ್ರಾಚೆಟ್ ಇಲ್ಲಿ ದೇವರನ್ನು ಅಷ್ಟಾಗಿ ಗೇಲಿ ಮಾಡುವುದಿಲ್ಲ. ಅವರ ಗುರಿ ಮಧ್ಯದಲ್ಲಿ ನಿಂತು ಎರಡೂ ಕಡೆಯವರ ಬಾಯಾಗುವವನು.

ಚರಿತ್ರೆಯಲ್ಲಿ ಇಂಥ ಹುಡುಗ ರಾಜರು

ಜೆಲಿಬೇಬಿಯ ಮೂಲ ಪ್ರಾಚೀನ ಈಜಿಪ್ಟ್. ಅಲ್ಲಿನ ಅತ್ಯಂತ ಪ್ರಸಿದ್ಧ ಹುಡುಗ ರಾಜ ಟುಟಂಖಾಮುನ್, 1922ರಲ್ಲಿ ಹೊವಾರ್ಡ್ ಕಾರ್ಟರ್ ಯಾರ ಗೋರಿಯನ್ನು ಪತ್ತೆಹಚ್ಚಿದರೋ ಅವನು. ಸುಮಾರು ಎಂಟೊಂಬತ್ತು ವರ್ಷಕ್ಕೆ ಪಟ್ಟಕ್ಕೆ ಬಂದ, ಹದಿನೆಂಟು ಹತ್ತೊಂಬತ್ತರ ಹೊತ್ತಿಗೆ ತೀರಿಕೊಂಡ. ಅವನಿಗಿಂತ ಮೊದಲು ಅಖೆನಾಟೆನ್ ಹಳೆಯ ದೇವತೆಗಳನ್ನು ಬದಿಗಿಟ್ಟು ಆಟೆನ್ ಎಂಬ ಸೂರ್ಯಬಿಂಬದ ಆರಾಧನೆ ತಂದಿದ್ದ. ಹುಡುಗನ ಆಳ್ವಿಕೆಯಲ್ಲಿ ಅದೆಲ್ಲ ತಿರುಗುಮುರುಗು. ಟುಟಂಖಾಟೆನ್ ಎಂಬ ಅವನ ಹೆಸರೇ ಟುಟಂಖಾಮುನ್ ಆಯಿತು. ಹಳೆಯ ದೇಗುಲಗಳಿಗೆ ಮತ್ತೆ ವೈಭವ ಕೊಟ್ಟ ಬಗ್ಗೆ ಅವನ ಹೆಸರಿನಲ್ಲೇ ಕಾರ್ನಾಕ್‌ನಲ್ಲಿ ಶಾಸನ ನಿಂತಿತು. ಆ ವಯಸ್ಸಿನ ಹುಡುಗ ಇದನ್ನೆಲ್ಲ ತಾನೇ ಯೋಚಿಸಿ ಮಾಡಿದನೇ? ಅವನ ನಂತರ ಸಿಂಹಾಸನ ಏರಿದ್ದು ಆಸ್ಥಾನದ ಹಿರಿಯ ಅಧಿಕಾರಿ ಆಯ್, ಆಮೇಲೆ ಸೇನಾಪತಿ ಹೊರೆಮ್‌ಹೆಬ್. ಹೆಸರು ಹುಡುಗನದು, ಕೈ ಯಾರದೋ.

ನಮ್ಮ ನೆಲದಲ್ಲೂ ಹುಡುಗ ರಾಜರಿದ್ದರು. ಕಾದಂಬರಿಗೂ ಮೈಸೂರಿಗೂ ನೇರ ಸಂಬಂಧವಿಲ್ಲ, ಆದರೆ ಪಕ್ಕಪಕ್ಕ ಇಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. 1894ರ ಡಿಸೆಂಬರಿನಲ್ಲಿ ಹತ್ತನೇ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹತ್ತೇ ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿ ಆಡಳಿತ ನೋಡಿಕೊಂಡರು. ಹುಡುಗನಿಗೆ ಪಾಠ ನಡೆಯಿತು. 1902ರಲ್ಲಿ, ಹದಿನೆಂಟು ತುಂಬಿದ ಮೇಲೆ, ಅಧಿಕಾರ ಅವರ ಕೈಗೆ ಬಂತು. ಮೇಲೆ ಬ್ರಿಟಿಷರ ಹಿಡಿತ ಇದ್ದೇ ಇತ್ತು, ಅದನ್ನು ಮರೆಯುವಂತಿಲ್ಲ. ಆದರೆ ಆ ರೀಜೆನ್ಸಿಗೆ ಒಂದು ಕೊನೆಯ ದಿನ ಇತ್ತು. ಡಿಯೋಸ್‌ನ ಉಸ್ತುವಾರಿಗೆ ಇಲ್ಲದ್ದು ಅದೇ. ಕಲಿಸಿ ಬಿಟ್ಟುಕೊಡುವವನು ಗುರು. ಕಲಿಸುತ್ತಲೇ ಇರುವ, ಎಂದೂ ಬಿಟ್ಟುಕೊಡದವನಿಗೆ ಬೇರೆ ಹೆಸರಿದೆ.

ಈಗ ರಾಜರಿಲ್ಲ. ಸಂವಿಧಾನದ 73ನೇ ತಿದ್ದುಪಡಿಯ ನಂತರ 21 ತುಂಬಿದ ಯಾರೂ ಪಂಚಾಯ್ತಿ ಚುನಾವಣೆಗೆ ನಿಲ್ಲಬಹುದು, ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಇದು ದೊಡ್ಡ ಗೆಲುವು. ಆದರೂ ಅಧ್ಯಕ್ಷೆಯ ಕುರ್ಚಿ ಪಕ್ಕ ಗಂಡ ಕೂತು ‘ಮೇಡಂ ಹೇಳೋದೇನೆಂದ್ರೆ’ ಎಂದು ಶುರುಮಾಡುವ ದೃಶ್ಯ ಹಳ್ಳಿಗಳ ಕಡೆ ಓಡಾಡಿದವರಿಗೆ ಗೊತ್ತಿರುವಂಥದ್ದೇ. ಅದನ್ನು ನೋಡಿದಾಗಲೆಲ್ಲ ನನಗೆ ಜೆಲಿಬೇಬಿಯ ನ್ಯಾಯಪೀಠ ನೆನಪಾಗುತ್ತದೆ.

ಕೊನೆಗೆ ಗೆದ್ದವರು ಯಾರು?

ಟೆಪಿಕ್ ಮರಳಿ ಬಂದು, ಮಮ್ಮಿಗಳಾದ ತನ್ನ ಪೂರ್ವಿಕರ ನೆರವಿನಿಂದ ಮಹಾ ಪಿರಮಿಡ್ ಏರಿ ಅದನ್ನು ನಾಶಮಾಡುತ್ತಾನೆ. ದೇಶ ಮತ್ತೆ ಲೋಕಕ್ಕೆ ಬರುತ್ತದೆ. ಇನ್ನು ಅವನು ಒಳ್ಳೆಯ ರಾಜನಾಗಿ ಆಳುತ್ತಾನೆ ಎಂದುಕೊಳ್ಳುತ್ತೇವೆ. ಇಲ್ಲ. ಅವನು ಸಿಂಹಾಸನ ಬಿಟ್ಟು ಹೊರಡುತ್ತಾನೆ. ಟ್ರೇಸಿಯೂ ಅದೇ ರಾಜನ ಮಗಳು ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ. ಆಳ್ವಿಕೆ ಅವಳ ಪಾಲಿಗೆ ಬರುತ್ತದೆ.

ಟ್ರೇಸಿಗೂ ಯಾವ ತರಬೇತಿ ಇಲ್ಲ. ಓದಲು ಅವಳನ್ನು ಯಾರೂ ಹೊರದೇಶಕ್ಕೆ ಕಳಿಸಿಲ್ಲ. ಆದರೆ ಅವಳಲ್ಲಿ ಟೆಪಿಕ್‌ನಲ್ಲಿ ಇಲ್ಲದ ಒಂದು ಗುಣವಿದೆ: ಬೇಡ ಎಂದದ್ದನ್ನು ಬೇಡ ಅಂತಲೇ ಹೇಳಿ ಅಭ್ಯಾಸ. ಹೊಸ ರಾಣಿಯನ್ನು ಕೈಗೊಂಬೆ ಮಾಡಿಕೊಳ್ಳಬಹುದು ಎಂದುಕೊಂಡ ಅರ್ಚಕರಿಗೆ ಅವಳ ಮೊದಲ ದಿನಗಳಲ್ಲೇ ಬಿಸಿ ತಟ್ಟುತ್ತದೆ. ತನಗೆ ಬೇಕಾದದ್ದನ್ನು ಅವಳು ತಾನೇ ಹೇಳುತ್ತಾಳೆ. ಟೆಪಿಕ್ ಕನಸು ಕಂಡ ನಲ್ಲಿ ನೀರು ಅವಳ ಪಟ್ಟಿಯಲ್ಲೂ ಇದೆ.

ಡಿಯೋಸ್ ಏನಾದ? ಪಿರಮಿಡ್ ಸಿಡಿದಾಗ ಅವನು ಕಾಲದಲ್ಲಿ ಹಿಂದಕ್ಕೆ ಎಸೆಯಲ್ಪಡುತ್ತಾನೆ, 7000 ವರ್ಷ ಹಿಂದಕ್ಕೆ. ಆ ಕಣಿವೆಗೆ ಮೊದಲು ಬಂದು ನೆಲೆಸುವವರು ಅವನಿಗೆ ಎದುರಾಗುತ್ತಾರೆ. ಇವರಿಗೆ ಒಂದಿಷ್ಟು ದಾರಿ ತೋರಿಸೋಣ ಅನ್ನಿಸುತ್ತದೆ. ಅಲ್ಲಿಗೆ ವೃತ್ತ ಪೂರ್ತಿ. ಅವನ ಶಿಕ್ಷೆಯೂ ಅದೇ, ಅವನ ಸ್ವರ್ಗವೂ ಅದೇ.

ಹಕ್ಕುದಾರ ಸಿಂಹಾಸನ ಬೇಡ ಅನ್ನುವುದು ಪ್ರಾಚೆಟ್‌ರಿಗೆ ಪ್ರಿಯವಾದ ತಿರುವು. 1988ರ ‘ವಿಯರ್ಡ್ ಸಿಸ್ಟರ್ಸ್’ನಲ್ಲಿ ನಟರ ನಡುವೆ ಬೆಳೆದ ರಾಜಕುಮಾರ ನಾಟಕವೇ ಸಾಕು ಎನ್ನುತ್ತಾನೆ. 1989ರಲ್ಲೇ ಬಂದ ‘ಗಾರ್ಡ್ಸ್! ಗಾರ್ಡ್ಸ್!’ನಲ್ಲಿ ರಾಜವಂಶದ ಕುಡಿ ಇರಬಹುದಾದ ಹುಡುಗ ಪೊಲೀಸ್ ಪೇದೆಯಾಗಿಯೇ ಉಳಿಯುತ್ತಾನೆ. ಸರಿಯಾದ ಮನುಷ್ಯ ಬಂದು ಕೂತರೆ ಎಲ್ಲ ಸರಿಹೋಗುತ್ತದೆ ಎಂಬ ಕಥೆಯನ್ನೇ ಈ ಲೇಖಕರು ನಂಬುವುದಿಲ್ಲ.

ಎಲ್ಲಿ ಎಡವುತ್ತದೆ?

ಮೆಚ್ಚಿದ ಪುಸ್ತಕವೆಂದು ಕಣ್ಣುಮುಚ್ಚಿ ಹೊಗಳಬೇಕಿಲ್ಲ. ಮೂರು ತಕರಾರು ನನ್ನವು.

ಒಂದು, ಬದಲಾಗದ ಪೂರ್ವ, ಚುರುಕಾದ ಪಶ್ಚಿಮ ಎಂಬ ಹಳೆಯ ಯುರೋಪಿಯನ್ ಚಿತ್ರ ಇಲ್ಲೂ ಇದೆ. ಈಜಿಪ್ಟಿನಂಥ ದೇಶ ನಿಂತ ನೀರು, ಲಂಡನ್ನಿನಂಥ ನಗರದಲ್ಲಿ ಓದಿದವನಿಗೆ ಮಾತ್ರ ಚರಂಡಿಯ ಕನಸು. ವಸಾಹತು ಆಳ್ವಿಕೆ ಕಂಡ ದೇಶದ ಓದುಗರಾದ ನಮಗೆ ಇದು ಕಚಕ್ ಅನ್ನಬೇಕು. ಕೊನೆಗೆ ಆಳುವವಳು ಹೊರದೇಶದಲ್ಲಿ ಓದದ ಟ್ರೇಸಿ ಎಂಬುದು ಈ ದೋಷವನ್ನು ಸ್ವಲ್ಪ ತಿದ್ದುತ್ತದೆ, ಪೂರ್ತಿ ಅಲ್ಲ.

ಎರಡು, ಟ್ರೇಸಿಯ ಬಟ್ಟೆಬರೆ, ಮೈಮಾಟದ ಮೇಲಿನ ಹಾಸ್ಯ ಹಳತಾಗಿದೆ. ಅವಳ ಬುದ್ಧಿಗೆ ಮೊದಲರ್ಧದಲ್ಲಿ ಸಿಗಬೇಕಾದ ಜಾಗ ಸಿಕ್ಕಿಲ್ಲ. ಟೆಪಿಕ್‌ಗೂ ಅವಳಿಗೂ ನಡುವೆ ಮೊಳೆಯುವ ಸೆಳೆತ, ಅವರು ಒಂದೇ ತಂದೆಯ ಮಕ್ಕಳು ಎಂದು ತಿಳಿದ ಮೇಲೆ ಮುಜುಗರ ತರುತ್ತದೆ.

ಮೂರು, ಸಾಮಾನ್ಯ ಜನ ಇಲ್ಲಿ ಹೆಚ್ಚಾಗಿ ಹಿನ್ನೆಲೆ. ಹೆಣ ಸಂರಕ್ಷಿಸುವ ಕುಶಲಕರ್ಮಿಗಳು, ಗುತ್ತಿಗೆದಾರರು ಬರುತ್ತಾರೆ. ಹೊಲದಲ್ಲಿ ದುಡಿದು ಪಿರಮಿಡ್‌ನ ಸಾಲ ತೀರಿಸುವ ರೈತ ಬಾಯಿ ತೆರೆಯುವುದು ಅಪರೂಪ. ರಾಜನ ಮಾತನ್ನು ತಿರುಚಿದ್ದು ಎಷ್ಟು ಅನ್ಯಾಯವೋ, ಇವರ ಮಾತು ಕೇಳದಿದ್ದದ್ದೂ ಅಷ್ಟೇ ಅನ್ಯಾಯ.

ಓದುವವರಿಗೆ ಕೆಲವು ಸಲಹೆ

ಪುಸ್ತಕ ನಾಲ್ಕು ಭಾಗಗಳಲ್ಲಿದೆ. ಮೊದಲ ಭಾಗದಲ್ಲಿ ಪರೀಕ್ಷೆಯ ರಾತ್ರಿ ಮತ್ತು ಶಾಲೆಯ ನೆನಪುಗಳು ಹೆಣೆದುಕೊಂಡಿವೆ, ಕಾಲ ಹಿಂದೆ ಮುಂದೆ ಹೋಗುತ್ತದೆ. ಗಲಿಬಿಲಿಯಾದರೆ ನಿಲ್ಲಿಸಬೇಡಿ, ಟೆಪಿಕ್ ಊರಿಗೆ ಬಂದ ಮೇಲೆ ಕಥೆ ನೇರವಾಗುತ್ತದೆ. ಅಡಿಟಿಪ್ಪಣಿಗಳನ್ನು ಬಿಡಬೇಡಿ, ಒಳ್ಳೆಯ ಹಾಸ್ಯ ಎಷ್ಟೋ ಕಡೆ ಅಲ್ಲೇ ಅಡಗಿರುತ್ತದೆ. ಹೆಸರುಗಳನ್ನು ಗಟ್ಟಿಯಾಗಿ ಉಚ್ಚರಿಸಿ ನೋಡಿ, ಅರ್ಧ ತಮಾಷೆ ಉಚ್ಚಾರದಲ್ಲಿದೆ. ಭೌತಶಾಸ್ತ್ರದ ಮಾತು ಅರ್ಥವಾಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಅರ್ಥವಾಗುವುದು ಒಂಟೆಗೆ ಮಾತ್ರ.

ಓದುವ ಬಳಗವಿದ್ದರೆ ತೀರ್ಪಿನ ದೃಶ್ಯವನ್ನು ಒಟ್ಟಿಗೆ ಓದಿ. ಆಮೇಲೆ ನೀವು ಕೆಲಸ ಮಾಡುವ ಸಂಘಟನೆ, ಕಾಲೇಜು ಯೂನಿಯನ್ನು, ಪಕ್ಷದ ಘಟಕ ಯಾವುದೇ ಇರಲಿ, ಅದರ ಬಗ್ಗೆ ಮೂರು ಪ್ರಶ್ನೆ ಹಾಕಿಕೊಳ್ಳಿ. ಅಧ್ಯಕ್ಷರು ಹೇಳಿದ್ದನ್ನು ಬರೆದುಕೊಳ್ಳುವವರು ಯಾರು? ಬರೆದದ್ದನ್ನು ಹೊರಗೆ ಕಳಿಸುವ ಮೊದಲು ಅಧ್ಯಕ್ಷರಿಗೇ ತೋರಿಸುತ್ತಾರಾ? ಎಷ್ಟು ಅಧ್ಯಕ್ಷರು ಬದಲಾದರೂ ಬದಲಾಗದೆ ಉಳಿದಿರುವವರು ಯಾರು? ಮೂರನೆಯ ಉತ್ತರದಲ್ಲಿರುವ ವ್ಯಕ್ತಿ ಕೆಟ್ಟವರೇ ಆಗಿರಬೇಕಿಲ್ಲ. ಡಿಯೋಸ್ ಕೂಡ ಕೆಟ್ಟವನಲ್ಲ.

ಯುವಕರು ಬರಲಿ, ಬರಲೇಬೇಕು. ಆದರೆ ಕುರ್ಚಿಗೆ ಹೆಸರು ಸೂಚಿಸುವಾಗ ಅದರ ಪಕ್ಕದಲ್ಲಿ ನಿಲ್ಲುವವರಿಗೂ ಒಂದು ಅವಧಿ ನಿಗದಿಯಾಗಿದೆಯೇ ಎಂದು ಕೇಳಿ. ಕೂತವರ ಮಾತು ಯಾರ ಅನುವಾದವೂ ಇಲ್ಲದೆ ಜನರಿಗೆ ತಲುಪುವ ದಾರಿ ಇದೆಯೇ ಎಂದು ಕೇಳಿ. ಜನರ ಮಾತು ಅದೇ ದಾರಿಯಲ್ಲಿ ಹಿಂತಿರುಗುತ್ತದೆಯೇ ಎಂದೂ ಕೇಳಿ. ಇಷ್ಟು ಕೇಳದೆ ಬರೀ ವಯಸ್ಸು ನೋಡಿ ಪಟ್ಟ ಕಟ್ಟಿದರೆ ಸಿಗುವುದು ಇನ್ನೊಬ್ಬ ಟೆಪಿಕ್: ಒಳ್ಳೆಯ ಹುಡುಗ, ಚಿನ್ನದ ಮುಖವಾಡ, ಮತ್ತು ಮುಖವಾಡದ ಹಿಂದೆ ಯಾರಿಗೂ ಕೇಳಿಸದ ಒಂದು ದನಿ.